ನಾಲ್ಕನೇ ಹಾಡಿನ ಹಿಂದಿನ ಸದ್ದು

ಮೊನ್ನೆ ಬೆಳಿಗ್ಗೆ ಬಸ್ಸಾರಿಗೆಂದು ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಪಕ್ಕದಲ್ಲಿಟ್ಟಿದ್ದ ಮೊಬೈಲು ಸಣ್ಣಗೆ ಸದ್ದು ಮಾಡಿತು. ಒದ್ದೆ ಕೈ ಒರೆಸಿಕೊಂಡು ನೋಡಿದರೆ ಒಂದು ಇ-ಮೇಲು, ಕಂಪ್ಯೂಟರು ತಾನಾಗಿ ಕಳಿಸುವಂಥದ್ದು. ‘ಅಭಿನಂದನೆಗಳು. ನೀವು ನಮ್ಮ ಬಳಗಕ್ಕೆ ಸೇರಿ ಇಂದಿಗೆ ಹನ್ನೊಂದು ವರ್ಷ. ಈವರೆಗೆ ನೀವು ಬರೆದ ಸಂದೇಶಗಳು: ನಲವತ್ತಮೂರು’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಒಬ್ಬಳೇ ನಕ್ಕೆ.

ನಿಮಗೆ ಇದರಲ್ಲೇನೂ ವಿಶೇಷ ಕಾಣಲಿಕ್ಕಿಲ್ಲ. ಹನ್ನೊಂದು ವರ್ಷಕ್ಕೆ ನಲವತ್ತಮೂರು ಅಂದರೆ ಮಿತವಾಗಿ ಮಾತಾಡುವ ಹೆಂಗಸು ಅಂದುಕೊಳ್ಳಬಹುದು. ನಿಜ ಏನೆಂದರೆ, ಮೊದಲ ಹತ್ತು ವರ್ಷ ನಾನು ಬರೆದದ್ದು ಸೊನ್ನೆ. ಒಂದು ಪೂರ್ಣವಿರಾಮವನ್ನೂ ಹಾಕಿರಲಿಲ್ಲ. ನಲವತ್ತಮೂರೂ ಈಚಿನ ಒಂದು ವರ್ಷದ್ದು. ಆ ಮೊದಲನೆಯದನ್ನು ಬರೆಯಲು ನನಗೆ ಹದಿನೈದು ದಿನ ಹಿಡಿಯಿತು, ಅದು ನನ್ನ ಮಾನ ತೆಗೆಯಿತು, ಆಮೇಲೆ ವಾಪಸು ತಂದುಕೊಟ್ಟಿತು. ಆ ಕಥೆಯನ್ನೇ ನಿಮಗೆ ಹೇಳಬೇಕು ಅನ್ನಿಸಿದೆ. ಇವತ್ತಿನ ಸಾರು ಸ್ವಲ್ಪ ತಡವಾದರೂ ಚಿಂತೆಯಿಲ್ಲ.

ಮೊದಲು ಈ ಬಳಗ ಯಾವುದು ಅಂತ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕಂಟ್ರಿ ಅಂತ ಒಂದು ಸಂಗೀತವಿದೆ. ಹೊಲ, ರೈಲು, ಕುಡಿತ, ಬಿಟ್ಟುಹೋದ ಹೆಂಡತಿ, ಕೆಟ್ಟು ನಿಂತ ಗಾಡಿ, ಇಂಥವುಗಳ ಮೇಲೆ ಹಳ್ಳಿಗಾಡಿನವರು ಗಿಟಾರು ಹಿಡಿದು ಕಟ್ಟಿದ ಹಾಡುಗಳು. ಹಾಡು ಹೆಸರು ಮಾಡಿತು, ಪಟ್ಟಣಕ್ಕೆ ಹೋಯಿತು, ದೊಡ್ಡ ಟೋಪಿ ಹೊಳೆಯುವ ಬೂಟು ಹಾಕಿಕೊಂಡು ಸಾಹುಕಾರನಾಯಿತು. ಅದನ್ನು ಕಂಡು ಮುನಿಸಿಕೊಂಡ ಕೆಲವರು ಗ್ಯಾರೇಜಿನಲ್ಲೋ ಅಡುಗೆಮನೆಯಲ್ಲೋ ಕೂತು, ಗಂಟಲು ಒಡೆದರೆ ಒಡೆಯಲಿ ಅಂತ ಒರಟಾಗಿ ಹಾಡತೊಡಗಿದರು. ಅದಕ್ಕೆ ಆಲ್ಟ್ ಕಂಟ್ರಿ ಅನ್ನುತ್ತಾರೆ. ನನ್ನ ಗಂಡನಿಗೆ ಇದನ್ನು ಮೊದಲ ಸಲ ವಿವರಿಸಿದಾಗ, ‘ಆಲ್ಟ್ ಅಂದ್ರೆ ಕೀಬೋರ್ಡಲ್ಲಿ ಇರೋ ಬಟನ್ ಅಲ್ವಾ? ಅದನ್ನ ಒತ್ತಿದ್ರೆ ಈ ಹಾಡು ನಿಲ್ಲುತ್ತಾ?’ ಅಂತ ಕೇಳಿದ್ದರು. ಇಂಥ ಹಾಡುಗಳ ಅಭಿಮಾನಿಗಳು ಲೋಕದ ಮೂಲೆಮೂಲೆಯಿಂದ ಬಂದು ಹರಟುವ, ಜಗಳವಾಡುವ ಒಂದು ಇಂಟರ್ನೆಟ್ ಕಟ್ಟೆ ನಮ್ಮ ಬಳಗ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಹೆಂಗಸಿಗೂ ಇದಕ್ಕೂ ಎಲ್ಲಿಯ ಸಂಬಂಧ ಅಂತ ನೀವು ಕೇಳುವುದು ಸಹಜ. ಸಂಬಂಧದ ಹೆಸರು ರೆಮಿ. ನಾನು ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ವಿಭಾಗದಲ್ಲಿದ್ದೇನೆ. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದು ನನ್ನ ಕೆಲಸ. ಈ ಅಭ್ಯಾಸ ಮನೆಗೂ ಬಂದಿದೆ ಅಂತ ಮನೆಯವರ ದೂರು. ಹನ್ನೆರಡು ವರ್ಷದ ಹಿಂದೆ ನನ್ನ ಟೇಬಲ್ಲಿಗೆ ಹೊಸದಾಗಿ ಬಂದ ಹುಡುಗಿ ರೆಮಿ. ಮಿಜೋರಾಮಿನವಳು. ಅವಳ ಪೂರ್ತಿ ಹೆಸರನ್ನು ಸರಿಯಾಗಿ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ಹೇಳಿದ ದಿನ ಅವಳು, ‘ಸಾಕು ಅಕ್ಕ, ರೆಮಿ ಅನ್ನಿ’ ಅಂದಳು.

ಕಂಪನಿ ಬಸ್ಸಿನಲ್ಲಿ ಅವಳು ದಿನವೂ ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಒಂದು ದಿನ ಅವಳ ಕಣ್ಣಲ್ಲಿ ನೀರು ಕಂಡು, ಊರಿನ ನೆನಪಾಯಿತೇನೋ ಅಂದುಕೊಂಡು ಭುಜ ಮುಟ್ಟಿದೆ. ಅವಳು ಒಂದು ಕಿವಿಯ ವೈರು ತೆಗೆದು ನನ್ನ ಕಿವಿಗೆ ಇಟ್ಟಳು. ಒಬ್ಬ ಗಂಡಸು ನಮ್ಮ ಪಕ್ಕದ ಸೀಟಿನಲ್ಲೇ ಕೂತು ತನಗೆ ತಾನೇ ಹೇಳಿಕೊಳ್ಳುತ್ತಿರುವಂತೆ ಹಾಡುತ್ತಿದ್ದ. ಹಿಂದೆ ಒಂದು ತಂತಿವಾದ್ಯ ಜಾರಿ ಜಾರಿ ಅಳುತ್ತಿತ್ತು. ಮಾತು ಒಂದೂ ತಿಳಿಯಲಿಲ್ಲ. ಆದರೆ ಬಸ್ಸು ಗೇಟಿಗೆ ಬಂದು ನಿಂತಾಗ ನಾನು, ‘ಇನ್ನೊಂದ್ ಸಲ ಹಾಕು’ ಅಂದೆನಂತೆ. ಅವಳು ಇದನ್ನು ಎಷ್ಟು ಜನರ ಮುಂದೆ ಹೇಳಿ ನಕ್ಕಿದ್ದಾಳೋ.

ಆ ತಂಡದ ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ತಂಡವೇ ಬದುಕಿದ್ದು ಏಳೆಂಟು ವರ್ಷ, ಮಾಡಿದ್ದು ಮೂರೇ ರೆಕಾರ್ಡು, ಆಮೇಲೆ ತಂಡ ಒಡೆದು ದಿಕ್ಕಿಗೊಬ್ಬರಾದರು. ರೆಮಿ ಮತ್ತು ನಾನು ಅವರನ್ನು ‘ನಮ್ಮೋರು’ ಅಂತಲೇ ಕರೆಯುತ್ತಿದ್ದೆವು. ‘ಅಕ್ಕ, ಇವತ್ತು ನಮ್ಮೋರು ಕೇಳೋಣ್ವಾ?’ ಅಂದರೆ ಆಯಿತು. ಅವಳೇ ನನ್ನನ್ನು ಬಳಗಕ್ಕೆ ಸೇರಿಸಿದ್ದು. ಸದಸ್ಯರಿಗೆ ಒಂದು ಅಡ್ಡಹೆಸರು ಬೇಕು ಅಂದಿತು ಕಂಪ್ಯೂಟರು. ನನಗೆ ಏನೂ ಹೊಳೆಯದೆ ಬಸ್ಸಿನ ಬೋರ್ಡಿನ ಮೇಲಿರುವಂತೆ ‘ಡಿ ಬಿ ಪುರ’ ಅಂತ ಹಾಕಿದೆ.

ಅಲ್ಲಿನ ಚರ್ಚೆಗಳನ್ನು ನೀವು ಓದಬೇಕು. ಗಿಟಾರಿಗೆ ಹೊಸ ತಂತಿ ಹಾಕಿದ ಮೇಲೆ ‘ನಮ್ಮೋರು’ ಕೆಟ್ಟರೇ ಅಂತ ಎರಡು ವಾರ ವಾದ ನಡೆದಿದೆ. ಡ್ರಮ್ಮು ಬಾರಿಸುವವನು ಶುದ್ಧವಾಗಿ ಬಾರಿಸುತ್ತಾನೆ, ಆದ್ದರಿಂದ ಅವನು ದ್ರೋಹಿ ಅಂತ ಒಬ್ಬ ಬರೆದಿದ್ದ. ಒಬ್ಬರಿಗೊಬ್ಬರು ಮುಖ ನೋಡಿರದ ಜನ, ಹಾಡಿನ ಒಂದು ಸಾಲಿನಲ್ಲಿ ಗಾಯಕ ‘ಕಿಟಕಿ’ ಅಂದನೋ ‘ವಿಧವೆ’ ಅಂದನೋ ಅನ್ನುವುದಕ್ಕೆ ಮಾತು ಬಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಆ ಎರಡು ಮಾತು ಹತ್ತಿರ ಹತ್ತಿರ ಕೇಳಿಸುತ್ತವೆ. ಶಾಲೆಯಲ್ಲಿ ಹತ್ತು ವರ್ಷ ಕಲಿತರೂ ಬಾರದ ಇಂಗ್ಲಿಷು ನನಗೆ ಬಂದದ್ದು ಈ ಜಗಳಗಳನ್ನು ಓದಿ. ಅದಕ್ಕೇ ನನ್ನ ಇಂಗ್ಲಿಷಿನಲ್ಲಿ ಬೈಗುಳ ಚೆನ್ನಾಗಿದೆ, ವ್ಯಾಕರಣ ಇಲ್ಲ.

ಓದುವುದೇನೋ ಬಂತು, ಬರೆಯಲು ಧೈರ್ಯ ಬರಲಿಲ್ಲ. ಎಲ್ಲರೂ ಆ ನೆಲದವರು, ಆ ತಂಡವನ್ನು ಕಣ್ಣಾರೆ ಕಂಡವರು. ಅವರಲ್ಲಿ ಹಿರಿಯ ಒಬ್ಬರಿದ್ದರು. ಅಡ್ಡಹೆಸರು ‘ಓಲ್ಡ್ ಟ್ರಕ್’, ಅಂದರೆ ಹಳೇ ಲಾರಿ. ಅಂಚೆ ಹಂಚಿ ನಿವೃತ್ತರಾದವರಂತೆ. ‘ನಮ್ಮೋರ’ ಕಛೇರಿ ಎಲ್ಲಿ ನಡೆದರೂ ಹೋಗುತ್ತಿದ್ದರಂತೆ. ಚರ್ಚೆ ಎಷ್ಟೇ ಉದ್ದ ಬೆಳೆದಿರಲಿ, ಹಳೇ ಲಾರಿ ಬಂದು ಎರಡು ಸಾಲು ಬರೆದರೆ ಮುಗಿಯಿತು, ಬಾಗಿಲು ಹಾಕಿದಂತೆ. ಅವರೆದುರು ನಾನೇನು ಹೇಳಲಿ?

ಬಳಗದಲ್ಲಿ ಬಹಳ ಹಳೆಯ ಚರ್ಚೆಗಳು ಎರಡಿದ್ದವು. ಎರಡೂ ಮೊದಲ ರೆಕಾರ್ಡಿನ ನಾಲ್ಕನೇ ಹಾಡಿನ ಮೇಲೆ. ಆ ಹಾಡಿನ ಹಿಂದೆ, ಬಹಳ ದೂರದಲ್ಲಿ ಏನೋ ಒಂದು ಸದ್ದಿದೆ. ಏನದು? ರೈಲು ಅಂದರು, ತಗಡಿನ ಮೇಲೆ ಬಿದ್ದ ಮಳೆ ಅಂದರು, ಟೈಪ್‌ರೈಟರು, ನೀರಿನ ಪಂಪು ಅಂದರು. ಕೊನೆಗೆ ಹಳೇ ಲಾರಿ ಬಂದು, ‘ಅದು ಟೇಪ್ ಯಂತ್ರದ ದೋಷ. ತಂಡದವನೇ ಒಬ್ಬ ನನಗೆ ಹೇಳಿದ್ದಾನೆ’ ಅಂದರು. ಬಾಗಿಲು ಮುಚ್ಚಿತು.

ಇನ್ನೊಂದು ಚರ್ಚೆ ‘ಹನ್ನೊಂದು ಸೆಕೆಂಡು’. ಆ ಹಾಡಿನ ಎರಡನೇ ಚರಣ ಮುಗಿದ ಮೇಲೆ ಗಾಯಕ ನಿಂತುಬಿಡುತ್ತಾನೆ. ಹನ್ನೊಂದು ಸೆಕೆಂಡು ಒಂದೇ ಒಂದು ತಂತಿ ಮೆಲ್ಲಗೆ ಮಿಡಿಯುತ್ತಿರುತ್ತದೆ, ಆಮೇಲೆ ಹಾಡು ಮುಂದುವರಿಯುತ್ತದೆ. ಆ ಮೌನ ಅಭಿಮಾನಿಗಳಿಗೆ ದೇವರ ಸಮಾನ. ಅವನು ಅಲ್ಲಿ ಅತ್ತ ಅಂದವರಿದ್ದರು, ಸತ್ತ ಗೆಳೆಯನನ್ನು ನೆನೆದ ಅಂದವರಿದ್ದರು. ಒಬ್ಬ ನಾಲ್ಕು ಪುಟ ಪ್ರಬಂಧ ಬರೆದಿದ್ದ. ಇನ್ನೊಬ್ಬ, ಪಾಪ, ಮಣಿಕಟ್ಟಿನ ಮೇಲೆ ‘11’ ಅಂತ ಹಚ್ಚೆ ಹಾಕಿಸಿಕೊಂಡು ಫೋಟೋ ಹಾಕಿದ್ದ.

ಮೂರು ವರ್ಷದ ಹಿಂದೆ ರೆಮಿ ಕೆಲಸ ಬಿಟ್ಟು ಊರಿಗೆ ಹೊರಟಳು, ಮದುವೆ ಗೊತ್ತಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಅತ್ತೆವು. ಆಮೇಲೆ ಒಂದು ವರ್ಷ ವಾಟ್ಸಾಪಿನಲ್ಲಿ ದಿನವೂ ‘ನಮ್ಮೋರ’ ಮಾತೇ. ಹಾಗಿದ್ದವರು ಅವರ ಮೂರನೇ ರೆಕಾರ್ಡಿನ ಮೇಲೆ ಜಗಳವಾಡಿಕೊಂಡೆವು. ನನಗೆ ಅದು ಇಷ್ಟ, ಅದರಲ್ಲಿ ಪಿಟೀಲುಗಳಿವೆ. ಅವಳು ‘ಅದು ದುಡ್ಡಿಗೆ ಮಾರ್ಕೊಂಡೋರ ಹಾಡು’ ಅಂದಳು. ನಾನು ‘ನಿಂಗೆ ಕಿವಿ ಇಲ್ಲ’ ಅಂದೆ. ತಮಾಷೆಗೆ ಅಂದದ್ದು. ಮೆಸೇಜಿನಲ್ಲಿ ತಮಾಷೆ ಕಾಣುವುದಿಲ್ಲವಲ್ಲ. ಅವಳು ‘ಓಕೆ ಅಕ್ಕ’ ಅಂತ ಕಳಿಸಿ ಸುಮ್ಮನಾದಳು. ನಾಳೆ ಬರೆಯುತ್ತಾಳೆ ಅಂತ ನಾನು ಕಾದೆ. ಅವಳೂ ಹಾಗೇ ಕಾದಳೋ ಏನೋ. ಬಸ್ಸಿನಲ್ಲಿ ಎರಡೂ ಕಿವಿಯ ವೈರು ನನ್ನ ಕಿವಿಯಲ್ಲೇ ಉಳಿಯಿತು.

ಹೋದ ವರ್ಷ ನಮ್ಮ ಅತ್ತಿಗೆ ಸಾಸಲು ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶ ಮುಗಿಸಿ, ಊಟವಾಗಿ, ಹೆಂಗಸರೆಲ್ಲ ಅಡ್ಡಾದ ಹೊತ್ತಿನಲ್ಲಿ ನಾನು ಮನೆಯ ಹಿಂದಿನ ಬಂಡೆಯ ಮೇಲೆ ಹೋಗಿ ಕೂತೆ. ರಾಗಿ ತೆನೆ ಕಟ್ಟಿತ್ತು. ಗಾಳಿಯೂ ಇರಲಿಲ್ಲ. ಅಂಥ ನಿಶ್ಶಬ್ದ ನಮ್ಮ ಬೀದಿಯಲ್ಲಿ ಸಿಗುವುದಿಲ್ಲ. ನಮ್ಮದು ಅಪ್ಪನ ಮನೆ, ನಾವಿರುವುದು ಮಹಡಿಯಲ್ಲಿ. ಕೆಳಗೆ ಮುಂದಿನ ಕೋಣೆಯಲ್ಲಿ ಅಪ್ಪನ ಎರಡು ಪವರ್‌ಲೂಮ್ ಮಗ್ಗಗಳು, ಎದುರು ಮನೆಯಲ್ಲಿ ನಾಲ್ಕು, ಪಕ್ಕದಲ್ಲಿ ಎರಡು. ಬೆಳಿಗ್ಗೆ ಶುರುವಾದರೆ ಹಗಲು ರಾತ್ರಿ ಸದ್ದೇ, ಕರೆಂಟು ಹೋದಾಗ ಮಾತ್ರ ನಮ್ಮ ಬೀದಿಗೆ ಕಿವಿ ಬರುವುದು.

ಬಂಡೆಯ ಮೇಲೆ ಕೂತು ನಾಲ್ಕನೇ ಹಾಡು ಹಾಕಿದೆ. ಮೊದಲ ಚರಣದ ಹೊತ್ತಿಗೆ ಮಗ್ಗದ ಸದ್ದು ಕೇಳಿಸಿತು. ಕೇಳಿ ಕೇಳಿ ಅಭ್ಯಾಸವಾದ ಕಿವಿ, ನಾನು ಗಮನ ಕೊಡಲಿಲ್ಲ. ಯಾರ ಮನೆಯಲ್ಲೋ ಮಗ್ಗ ಓಡುತ್ತಿದೆ ಅಂದುಕೊಂಡು ಹಾಡು ಕೇಳುತ್ತಾ ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಲೆಗೆ ಹೋಯಿತು. ಇದು ಸಾಸಲು. ಸುತ್ತ ಇರುವುದು ರಾಗಿ ಹೊಲ. ಇಲ್ಲಿ ಮಗ್ಗ ಎಲ್ಲಿಂದ ಬಂತು? ಕಿವಿಯಿಂದ ವೈರು ಕಿತ್ತೆ. ಸದ್ದು ನಿಂತಿತು. ಮತ್ತೆ ಹಾಕಿದೆ. ಟಕ್ ಟಪ್, ಟಕ್ ಟಪ್. ಕಿತ್ತೆ. ರಾಗಿ ಹೊಲ. ಹಾಕಿದೆ. ಟಕ್ ಟಪ್.

ಹತ್ತು ವರ್ಷದಿಂದ ಆ ಹಾಡು ಕೇಳುತ್ತಿದ್ದೇನೆ. ಬಸ್ಸಿನಲ್ಲಿ ಕೇಳಿದರೆ ಇಂಜಿನ್ನಿನ ಗದ್ದಲ, ಮನೆಯಲ್ಲಿ ಕೇಳಿದರೆ ನಮ್ಮದೇ ಮಗ್ಗದ ಗದ್ದಲ. ಒಂದು ಮಗ್ಗ ಹಾಡಿನ ಒಳಗೇ ಓಡುತ್ತಿದೆ ಅನ್ನುವುದು ನೇಕಾರರ ಮಗಳಿಗೇ ಗೊತ್ತಾಗಿರಲಿಲ್ಲ. ಎದ್ದು ಒಳಗೆ ಓಡಿ, ಮಲಗಿದ್ದ ಗಂಡನನ್ನು ಅಲುಗಾಡಿಸಿ, ‘ರೀ, ಅದು ಟೇಪ್ ರೆಕಾರ್ಡರ್ ಅಲ್ಲ, ಮಗ್ಗ’ ಅಂದೆ. ಅವರು ಕಣ್ಣು ಬಿಡದೆ, ‘ಆಯ್ತು, ಮಗ್ಗಾನೇ’ ಅಂದು ಮಗ್ಗುಲು ಬದಲಿಸಿದರು.

ಮಾರನೇ ದಿನ ಕೆಲಸದಿಂದ ಬಂದವಳೇ ಅಪ್ಪನ ಮುಂದೆ ನಿಂತೆ. ಅಪ್ಪನಿಗೆ ಎಪ್ಪತ್ತಮೂರು. ಹನ್ನೆರಡನೇ ವಯಸ್ಸಿನಿಂದ ಮಗ್ಗದ ಜೊತೆ ಇರುವವರು. ನನ್ನ ಹಾಡುಗಳನ್ನು ಅವರು ಯಾವತ್ತೂ ಕೇಳಿರಲಿಲ್ಲ. ದೂರದಿಂದ ಕಿವಿಗೆ ಬಿದ್ದದ್ದಕ್ಕೆ, ‘ಯಾರ್‌ ಹೋಗ್ಬಿಟ್ರಮ್ಮ, ಹಿಂಗ್ ಅಳ್ತಾವ್ನೆ?’ ಅಂತ ಒಮ್ಮೆ ಕೇಳಿದ್ದರು, ಅಷ್ಟೇ.

‘ಅಪ್ಪ, ಮಗ್ಗ ಸ್ವಲ್ಪ ನಿಲ್ಸು. ಒಂದ್ ಹಾಡ್ ಕೇಳ್ಬೇಕು.’

‘ಹಾಡ್ ಕೇಳೋಕ್ ಮಗ್ಗ ಯಾಕ್ ನಿಲ್ಸ್‌ಬೇಕು? ಬೀಗ್ರು ಬಂದಾಗ್ಲೇ ನಿಲ್ಸಿಲ್ಲ ನಾನು.’

‘ಹಾಡೊಳಗೆ ಮಗ್ಗ ಐತೆ ಅನ್ಸುತ್ತೆ. ನೀನೇ ಹೇಳ್ಬೇಕು.’

ಅಪ್ಪ ನನ್ನ ಮುಖ ನೋಡಿದರು. ಎದ್ದು ಹೋಗಿ ಎರಡೂ ಮಗ್ಗ ನಿಲ್ಲಿಸಿದರು. ಎದುರು ಮನೆಯವರ ಮಗ್ಗದ ಸದ್ದು ಬಾರದಂತೆ ಬಾಗಿಲು ಹಾಕಿದರು, ಕಿಟಕಿಯನ್ನೂ ಹಾಕಿದರು. ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ನಾನು ಅವರ ಕಿವಿಗೆ ವೈರು ಇಟ್ಟು ಹಾಡು ಹಾಕಿದೆ.

ಒಮ್ಮೆ ಕೇಳಿದರು. ‘ಇನ್ನೊಂದ್ ಸಲ’ ಅಂದರು. ಎರಡನೇ ಸಲ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಹಾಡಿನ ತಾಳ ಅಲ್ಲ ಅದು, ಹಿಂದಿನ ಸದ್ದಿನದು. ಮೂರನೇ ಸಲ ಕೇಳಿ ವೈರು ತೆಗೆದರು.

‘ಮಗ್ಗಾನೇ ಕಣಮ್ಮಣ್ಣಿ. ನಮ್ಮಂಗೇ ಲಾಳಿ ಓಡೋ ಹಳೇ ಮಗ್ಗ. ಒಂದು ಹತ್ರ ಐತೆ, ಇನ್ನೊಂದೋ ಎರಡೋ ಆಚೆಗಿದಾವೆ. ಈ ಹತ್ರದ್ರಲ್ಲಿ ಒಂದ್ ಕಡೆ ಏಟು ಮೆತ್ತಗೆ. ಕೇಳಿದ್ಯಾ, ಟಕ್ ಅಂತೈತೆ, ವಾಪಸ್ ಬರೋವಾಗ ಟಪ್ ಅಂತೈತೆ. ಲಾಳಿ ತಳ್ಳೋ ಕೋಲಿಗೆ ಚರ್ಮದ ಪಟ್ಟಿ ಇರ್ತದಲ್ಲ, ಅದು ಸಡಿಲ ಆಗ್ಬಿಟ್ಟದೆ. ಬಿಗಿ ಮಾಡ್ಬಾರ್ದಾ ಯಾರಾದ್ರೂ.’

‘ಯಾವ ಕಡೆ ಅಪ್ಪ?’

‘ಅದೆಂಗ್ ಹೇಳ್ಲಿ? ಮಗ್ಗದ ಮುಂದೆ ನಿಲ್ಸು, ಹೇಳ್ತೀನಿ.’ ಆಮೇಲೆ ಅವರೇ ಹೇಳಿದರು. ‘ನಡುವೆ ಆ ಹುಡುಗ ಸುಮ್ನಾಗ್ತಾನಲ್ಲ, ಅಲ್ಲಿ ಹತ್ರದ್ ಮಗ್ಗ ನಿಂತೋಗೈತೆ. ಹಾಸಿನ ನೂಲು, ಉದ್ದಕ್ಕೆ ಬಿಗಿದಿರ್ತದಲ್ಲ, ಅದು ಕಿತ್ತೋಗೈತೆ. ಯಾರೋ ಗಂಟ್ ಹಾಕಿ ಮತ್ತೆ ಬಿಟ್ಟವ್ರೆ.’

ಅಷ್ಟು ವರ್ಷದಿಂದ ಎರಡು ಚರ್ಚೆ ಓದಿದ್ದೇನೆ, ಸದ್ದಿನದೊಂದು, ಮೌನದ್ದೊಂದು. ಎರಡನ್ನೂ ಒಂದು ಕಡೆ ತಂದು ನೋಡಿದವರು ಯಾರೂ ಇಲ್ಲ. ಫೋನು ತೆಗೆದು ಮತ್ತೆ ಕೇಳಿದೆ. ಮಗ್ಗ ನಿಲ್ಲುತ್ತದೆ, ಗಾಯಕ ನಿಲ್ಲುತ್ತಾನೆ. ಮಗ್ಗ ಓಡುತ್ತದೆ, ಗಾಯಕ ಶುರು ಮಾಡುತ್ತಾನೆ.

‘ಎಷ್ಟೊತ್ತು ನಿಂತಿತ್ತು ಅದು?’ ಅಂತ ಅಪ್ಪ ಕೇಳಿದರು.

‘ಹನ್ನೊಂದು ಸೆಕೆಂಡು.’

ಅಪ್ಪ ತಲೆದೂಗಿದರು. ‘ಹನ್ನೊಂದು ಸೆಕೆಂಡಲ್ಲಿ ನೂಲು ಹುಡ್ಕಿ ಗಂಟ್ ಹಾಕಿದ್ರೆ ಅದು ಒಳ್ಳೇ ಕೈ. ಹೆಂಗಸಿರ್ಬೇಕು. ನಿಮ್ಮಮ್ಮ ಹಂಗೇ ಹಾಕೋಳು.’ ಅಮ್ಮ ಹೋಗಿ ಆರು ವರ್ಷವಾಗಿದೆ. ಅವರಿಬ್ಬರ ಸಂಸಾರದಲ್ಲಿ ಕಿತ್ತುಹೋದ ನೂಲು ಕಟ್ಟುವುದು ಅವಳ ಪಾಲಾಗಿತ್ತು. ಅಪ್ಪ ಎದ್ದು ಮಗ್ಗ ಶುರು ಮಾಡಿದರು. ಆದರೆ ಅವತ್ತು ಸಂಜೆಯೆಲ್ಲ ಅವರು ಖುಷಿಯಾಗಿದ್ದರು. ರಾತ್ರಿ ಊಟಕ್ಕೆ ಕೂತಾಗ, ‘ಯಾವ್ ಊರಂತೆ ಅದು?’ ಅಂತ ಎರಡು ಸಲ ಕೇಳಿದರು.

ಇಷ್ಟಾದ ಮೇಲೆ ಬರೆಯದೆ ಇರುವುದು ಹೇಗೆ? ಹಾಗಂತ ಬರೆಯುವುದು ಹೇಗೆ? ನಾಲ್ಕು ಪುಟ ಬರೆದವನಿದ್ದಾನೆ, ಕೈಮೇಲೆ ಹಚ್ಚೆ ಹಾಕಿಸಿಕೊಂಡವನಿದ್ದಾನೆ. ಅವರಿಗೆ ಹೋಗಿ, ನಿಮ್ಮ ದೇವರಂಥ ಮೌನ ಅಂದರೆ ಒಂದು ಎಳೆ ನೂಲು ಕಿತ್ತುಹೋದದ್ದು ಅಂತ ಹೇಳಬೇಕು. ಮೊದಲು ಕನ್ನಡದಲ್ಲಿ ಬರೆದೆ, ಚೆಕಿಂಗ್ ಶೀಟಿನ ಹಿಂಬದಿಯಲ್ಲಿ. ಆಮೇಲೆ ಇಂಗ್ಲಿಷಿಗೆ ಇಳಿಸಿದೆ. ಲಾಳಿ, ಹಾಸು, ಪಟ್ಟಿ ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಫ್ಯಾಕ್ಟರಿಯ ಮೆಕ್ಯಾನಿಕ್ ಹತ್ತಿರ ಕೇಳಿದೆ. ಗಂಡ ಕಾಗುಣಿತ ತಿದ್ದಿದರು. ಹದಿನೈದನೇ ದಿನ ಬಸ್ಸು ಬಾಶೆಟ್ಟಿಹಳ್ಳಿ ತಲುಪುವ ಮೊದಲು, ಕಣ್ಣು ಮುಚ್ಚಿಕೊಂಡು ಬಟನ್ ಒತ್ತಿದೆ.

ಊಟದ ಬಿಡುವಿನಲ್ಲಿ ನೋಡುತ್ತೇನೆ, ಅರವತ್ತು ಉತ್ತರ. ಕೆಲವರು ನಕ್ಕಿದ್ದರು. ಕೆಲವರಿಗೆ ಸಿಟ್ಟು ಬಂದಿತ್ತು. ಹಚ್ಚೆಯವನು, ‘ನಾನೀಗ ಕೈಯನ್ನು ಏನು ಮಾಡಲಿ?’ ಅಂತ ಬರೆದಿದ್ದ. ಸಂಜೆಯ ಹೊತ್ತಿಗೆ ಹಳೇ ಲಾರಿ ಬಂದರು. ‘ಮಿಸ್ಟರ್ ಪುರಾ’ ಅಂತ ಶುರು ಮಾಡಿದ್ದರು. ನನ್ನ ಡಿ ಬಿ ಪುರವನ್ನು ಅವರು ಗಂಡಸಿನ ಹೆಸರು ಅಂದುಕೊಂಡಿದ್ದರು. ‘ಮಿಸ್ಟರ್ ಪುರಾ, ಹತ್ತು ವರ್ಷ ಸುಮ್ಮನಿದ್ದವರು ಬಾಯಿ ತೆರೆದಾಗ ಇನ್ನೂ ಸ್ವಲ್ಪ ಒಳ್ಳೆಯದನ್ನು ಹೇಳುತ್ತೀರಿ ಅಂದುಕೊಂಡಿದ್ದೆ. ಒಬ್ಬ ಮನುಷ್ಯನ ಎದೆ ಒಡೆದ ಕ್ಷಣವನ್ನು ನೀವು ಯಂತ್ರದ ರಿಪೇರಿ ಮಾಡಿಬಿಟ್ಟಿರಿ. ಅದು ಟೇಪಿನ ದೋಷ. ಮುಗಿಯಿತು.’

ಅವತ್ತು ಬಸ್ಸಿನಲ್ಲಿ ಹಾಡು ಹಾಕಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು, ಬಸ್ಸಿನಲ್ಲಿದ್ದವರಿಗೆ ಆಲ್ಟೂ ಗೊತ್ತಿಲ್ಲ ಕಂಟ್ರಿಯೂ ಗೊತ್ತಿಲ್ಲ. ಬಳಗದಿಂದ ಹೆಸರು ತೆಗೆಸಿಬಿಡೋಣ ಅಂತ ತೀರ್ಮಾನಿಸಿ, ಹೇಗೆ ತೆಗೆಸುವುದು ಅಂತ ಹುಡುಕಲು ಫೋನು ತೆರೆದೆ. ಹಳೇ ಲಾರಿಯ ಮಾತಿನ ಕೆಳಗೆ ಹೊಸದೊಂದು ಉತ್ತರ ಬಂದಿತ್ತು. ಹೆಸರು ನೋಡಿದೆ. ರೆಮಿ.

ಅವಳು ಬರೆದದ್ದು ಇಷ್ಟು. ‘ಇವರು ಮಿಸ್ಟರ್ ಅಲ್ಲ, ನನ್ನ ಅಕ್ಕ. ಇವರ ಮನೆಯಲ್ಲಿ ನಾನು ಒಂದು ದಿನ ಉಳಿದಿದ್ದೇನೆ. ಆ ಮನೆ ತುಂಬ ಮಗ್ಗದ ಸದ್ದು. ನನಗೆ ಒಂದು ಚೂರೂ ನಿದ್ದೆ ಬರಲಿಲ್ಲ, ಇವರ ತಂದೆಗೆ ಮಗ್ಗ ನಿಂತರೆ ಎಚ್ಚರವಾಗುತ್ತದೆ. ಇವರ ತಂದೆ ಅದು ಮಗ್ಗ ಅಂದರೆ ಅದು ಮಗ್ಗ. ನಿಮಗೆ ನಂಬಿಕೆ ಇಲ್ಲದಿದ್ದರೆ ಗಾಯಕನನ್ನೇ ಕೇಳಿ.’ ಆ ‘ಅಕ್ಕ’ ಅನ್ನುವುದನ್ನು ಮಾತ್ರ ಅವಳು ಕನ್ನಡದಲ್ಲೇ ಇಟ್ಟಿದ್ದಳು, ಇಂಗ್ಲಿಷ್ ಅಕ್ಷರದಲ್ಲಿ.

ನಾನು ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ. ಇಳಿದು ನಡೆಯುತ್ತಲೇ ಅವಳಿಗೆ ಫೋನು ಮಾಡಿದೆ. ಅವಳು ಎತ್ತಿದವಳೇ, ‘ಅಕ್ಕ, ಮೂರನೇ ರೆಕಾರ್ಡ್ ಈಗಲೂ ಕೆಟ್ಟದೇ’ ಅಂದಳು. ನಾನು, ‘ಆಯ್ತು, ಕೆಟ್ಟದೇ. ಊಟ ಆಯ್ತಾ?’ ಅಂದೆ. ಆ ಕಡೆಯಿಂದ ಮಗುವಿನ ಅಳು ಕೇಳಿಸಿತು. ಎಂಟು ತಿಂಗಳ ಮಗು. ಅದು ಹುಟ್ಟಿದ್ದೂ ನನಗೆ ಗೊತ್ತಿರಲಿಲ್ಲ ನೋಡಿ. ಹಾಡಿನ ಮೇಲೆ ಸಾಧಿಸಿದ ಹಟದ ಬೆಲೆ ಅದು.

ಗಾಯಕನನ್ನು ಕೇಳುವುದು ಹೇಗೆ? ಆತ ಹಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು, ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಳಗ ನಡೆಸುವ ಹುಡುಗಿಯೊಬ್ಬಳು ಅಲ್ಲಿ ಇಲ್ಲಿ ವಿಚಾರಿಸಿ, ಆತನ ತಂಗಿಯೊಬ್ಬರು ಶಾಲೆಯೊಂದರಲ್ಲಿ ಪಾಠ ಹೇಳುತ್ತಾರೆ ಅಂತ ಪತ್ತೆ ಮಾಡಿದಳು. ನನ್ನ ಬರಹ, ಹಳೇ ಲಾರಿಯ ಉತ್ತರ, ಎಲ್ಲವನ್ನೂ ಅವರಿಗೆ ಕಳಿಸಿದಳು. ಮೂರು ವಾರ ಸುದ್ದಿಯಿಲ್ಲ. ಆ ಮೂರು ವಾರ ಅಪ್ಪ ದಿನವೂ ನಾನು ಬಾಗಿಲು ದಾಟುವ ಮೊದಲೇ, ‘ಏನಂದ್ರಂತೆ?’ ಅಂತ ಕೇಳುತ್ತಿದ್ದರು. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ನಮ್ಮ ಮನೆಯಲ್ಲಿ ಇಷ್ಟು ಕಾತರ ಇರಲಿಲ್ಲ.

ನಾಲ್ಕನೇ ವಾರ ತಂಗಿಯ ಪತ್ರ ಬಂತು. ಬಳಗದ ಹುಡುಗಿ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದಳು. ನಾನು ಚೆಕಿಂಗ್ ಟೇಬಲ್ಲಿನ ಕೆಳಗೆ ಫೋನು ಹಿಡಿದು ಓದಿದೆ, ಎರಡು ಅಂಗಿ ತಪ್ಪು ನೋಡದೆಯೇ ಪಾಸಾಗಿ ಹೋದವು.

ಅವರ ಅಮ್ಮ ಮೂವತ್ತು ವರ್ಷ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ಮಿಲ್ಲು ಮುಚ್ಚುವ ಕಾಲ, ಎಲ್ಲ ಮಗ್ಗ ಮಾರಿಹೋಗಿ ಮೂರು ಉಳಿದಿದ್ದವು. ಮಗ ಹೊಸ ಹಾಡು ಕಟ್ಟಿದ್ದ, ಅಮ್ಮನಿಗೇ ಮೊದಲು ಕೇಳಿಸಬೇಕು ಅಂತ ಅವನಾಸೆ. ಅಮ್ಮನಿಗೆ ರಜೆ ಸಿಗಲಿಲ್ಲ. ಅವನು ಗಿಟಾರು, ಟೇಪು ತೆಗೆದುಕೊಂಡು ಮಿಲ್ಲಿಗೇ ಹೋದ. ಮಗ್ಗಗಳಿದ್ದ ಕೋಣೆಯ ಪಕ್ಕದ ಗೋಡೌನಿನಲ್ಲಿ, ಬಟ್ಟೆಯ ಸುರುಳಿಗಳ ನಡುವೆ ಕೂತ. ನಡುವೆ ಗಾಜಿನ ಕಿಟಕಿಯಿತ್ತು. ಸುರುಳಿಗಳು ಗದ್ದಲವನ್ನು ನುಂಗಿಕೊಂಡವು. ಅಮ್ಮ ಕೆಲಸ ಮಾಡುತ್ತಲೇ ಕಿಟಕಿಯಿಂದ ಅವನ ಬಾಯಿ ನೋಡುತ್ತಾ ನಿಂತಿದ್ದರು. ಎರಡನೇ ಚರಣ ಮುಗಿಯುವಾಗ ನೂಲು ಕಿತ್ತುಹೋಗಿ, ಅದನ್ನು ಕಟ್ಟಲು ಅಮ್ಮ ಬಗ್ಗಿದರು. ‘ಅವಳು ನೋಡದಿರುವಾಗ ಹಾಡಲು ಅಣ್ಣನಿಗೆ ಮನಸ್ಸಾಗಲಿಲ್ಲ. ಅವಳು ಗಂಟು ಹಾಕಿ ತಲೆಯೆತ್ತುವ ತನಕ ಕಾದ. ಹನ್ನೊಂದು ಸೆಕೆಂಡು ಅಂದರೆ ಅಷ್ಟೇ’ ಅಂತ ಬರೆದಿದ್ದರು. ಕೊನೆಗೆ ಇನ್ನೊಂದು ಸಾಲು. ‘ಅಮ್ಮ ಹೇಳುತ್ತಿದ್ದಾಳೆ, ಎಡಗಡೆಯ ಪಟ್ಟಿ. ಒಂದು ವರ್ಷ ದೂರು ಕೊಟ್ಟರೂ ಅದನ್ನು ಯಾರೂ ಬಿಗಿ ಮಾಡಲಿಲ್ಲವಂತೆ. ಅದನ್ನು ಕೇಳಿಸಿಕೊಂಡವರು ಯಾರು ಅಂತ ಅವಳಿಗೆ ತಿಳಿಯಬೇಕಂತೆ.’

ಸೂಪರ್‌ವೈಸರ್ ಬಂದು, ‘ಏನ್ ಮೇಡಂ, ಮನೇಲ್ ಏನಾದ್ರೂ ತೊಂದ್ರೆನಾ?’ ಅಂತ ಕೇಳಿದ. ನನ್ನ ಕಣ್ಣು ತುಂಬಿ ಬಂದಿತ್ತು. ‘ತೊಂದ್ರೆ ಅಲ್ಲ, ಎಡಗಡೆ ಪಟ್ಟಿ’ ಅಂದೆ. ಅವನು ನನ್ನ ಕೈಯಲ್ಲಿದ್ದ ಅಂಗಿಯ ಎಡಗಡೆ ತಿರುಗಿಸಿ ನೋಡಿ, ಏನೂ ಕಾಣದೆ ಹೊರಟುಹೋದ.

ಬಳಗದಲ್ಲಿ ಅವತ್ತು ಹಬ್ಬ. ಹಚ್ಚೆಯವನು, ‘ನನ್ನ ಕೈಗೆ ಈಗ ಬೆಲೆ ಬಂತು’ ಅಂತ ಬರೆದ. ನಾಲ್ಕು ಪುಟದವನು ತನ್ನ ಪ್ರಬಂಧ ಅಳಿಸಿ ಹಾಕಿದ. ಹಳೇ ಲಾರಿ ಎರಡು ದಿನ ಕಾಣಿಸಲೇ ಇಲ್ಲ. ಮೂರನೇ ದಿನ ಬಂದು ನನ್ನ ಹೆಸರಿಗೇ ಬರೆದರು. ‘ಮಿಸೆಸ್ ಪುರಾ, ನಾನು ಒಂಬತ್ತು ವರ್ಷ ಆ ಮಿಲ್ಲಿನ ಬಾಗಿಲಿಗೆ ಅಂಚೆ ಹಾಕಿದ್ದೇನೆ. ಆ ಸದ್ದು ದಿನವೂ ಕಿವಿಗೆ ಬಿದ್ದಿದೆ. ನನಗೆ ಗುರುತು ಸಿಗಲಿಲ್ಲ. ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.’ ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ, ‘ಹೊರಗಡೆಯಿಂದ ಕೇಳಿದ್ರೆ ಯಾರ್ಗೂ ಗುರುತು ಸಿಗಲ್ಲ, ಬೇಜಾರ್ ಮಾಡ್ಕೋಬೇಡಿ ಅಂತ ಬರಿ’ ಅಂದರು. ಅದನ್ನೂ ಬರೆದೆ. ಹೀಗೆ ಒಂದೊಂದಾಗಿ ನನ್ನ ಲೆಕ್ಕ ನಲವತ್ತಮೂರಕ್ಕೆ ಬಂದದ್ದು.

ಆ ತಾಯಿಗೆ ಎಂಬತ್ತು ದಾಟಿದೆ. ವಿಡಿಯೋ ಕಾಲ್ ಅಭ್ಯಾಸವಿಲ್ಲ, ಮಗಳು ರಜೆಗೆ ಊರಿಗೆ ಹೋದಾಗ ಮಾಡಿಸುತ್ತೇನೆ ಅಂದಿದ್ದರು. ಆ ದಿನ ನಿನ್ನೆ ಬಂತು. ಭಾನುವಾರ ಸಂಜೆ, ನಮ್ಮಲ್ಲಿ ದೀಪ ಹಚ್ಚುವ ಹೊತ್ತು, ಅವರಿಗೆ ಬೆಳಗು. ಗಂಡ ಸೆಕೆಂಡ್ ಶಿಫ್ಟಿಗೆ ಹೋಗಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಗಂಟೆ ಮೊದಲೇ ಮಗ್ಗ ನಿಲ್ಲಿಸಿ ಕೂತಿದ್ದರು.

ಪರದೆಯ ಮೇಲೆ ಬೆಳ್ಳಿ ಕೂದಲಿನ, ಸಣ್ಣ ದೇಹದ ಅಜ್ಜಿ ಬಂದರು. ಮೂಗಿನ ತುದಿಯಲ್ಲಿ ಕನ್ನಡಕ. ನಾನು ನಡುವೆ ಕೂತು ಅವರದ್ದು ಇವರಿಗೆ, ಇವರದ್ದು ಅವರಿಗೆ ಹೇಳಲು ತಯಾರಾಗಿದ್ದೆ. ಅಜ್ಜಿ ನನ್ನತ್ತ ನೋಡಲೂ ಇಲ್ಲ. ಅಪ್ಪನ ಹಿಂದೆ ಮಗ್ಗ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಏನೋ ಕೇಳಿದರು. ‘ಓಡಿಸಿ ತೋರಿಸಬಹುದಾ ಅಂತಿದಾರೆ’ ಅಂದೆ. ಅಪ್ಪ ಎದ್ದು ಮಗ್ಗ ಬಿಟ್ಟರು. ಆ ಸದ್ದಿನಲ್ಲಿ ಮಾತು ಒಂದೂ ಕೇಳಿಸದಾಯಿತು. ಅಜ್ಜಿಯ ಮುಖ ಫೋನಿಗೆ ಹತ್ತಿರ ಬಂತು. ಅಪ್ಪ ಬೇಕೆಂದೇ ಒಂದು ನೂಲು ಕಿತ್ತು, ಮಗ್ಗ ನಿಲ್ಲಿಸಿ, ಎರಡು ತುದಿ ಹಿಡಿದು ಗಂಟು ಹಾಕಿ ತೋರಿಸಿದರು. ಅಜ್ಜಿ ತಲೆಯಾಡಿಸಿ, ತಮ್ಮ ಸ್ವೆಟರಿನ ಒಂದು ದಾರ ಎಳೆದು, ನಡುಗುವ ಬೆರಳಿನಿಂದ ತಮ್ಮ ಗಂಟು ಹಾಕಿ ತೋರಿಸಿದರು. ಅಪ್ಪ ಕನ್ನಡದಲ್ಲೇ, ‘ಆಹಾ, ಅದು ಇನ್ನೂ ಸಲೀಸು. ಇನ್ನೊಂದ್ ಸಲ ತೋರ್ಸಿ’ ಅಂದರು. ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಇನ್ನೊಂದು ದಾರ ಎಳೆದಾಗಿತ್ತು.

ನನಗೆ ಅಲ್ಲಿ ಕೆಲಸವಿಲ್ಲ ಅಂತ ತಿಳಿಯಿತು. ಫೋನನ್ನು ಮಗ್ಗದ ಚೌಕಟ್ಟಿಗೆ ಒರಗಿಸಿ ಅಡುಗೆಮನೆಗೆ ಹೋದೆ. ಹಾಲು ಕಾಯಿಸಿ ಡಿಕಾಕ್ಷನ್ ಬೆರೆಸಿ, ಕಾಫಿಯನ್ನು ಲೋಟಗಳಿಗೆ ಬಗ್ಗಿಸಿ, ತಟ್ಟೆ ಎತ್ತಿಕೊಳ್ಳುವಾಗ ನೋಡಿದೆ. ಮನೆಯಲ್ಲಿ ಇದ್ದವರು ಅಪ್ಪ ಮತ್ತು ನಾನು, ಇಬ್ಬರೇ. ತಟ್ಟೆಯಲ್ಲಿ ಮೂರು ಲೋಟ ಇದ್ದವು.